ನೂರು ಡಿಗ್ರಿಯಲ್ಲಿ ಮಾಂಗಲ್ಯಧಾರಣೆ

ರಾಯಚೂರು ಸೀಮೆಯಲ್ಲಿ ಲಗ್ನಗಳನ್ನೆಲ್ಲ ಒಟ್ಟುಗೂಡಿಸಿ ಏಪ್ರಿಲ್-ಮೇ ತಿಂಗಳಿಗೇ ಯಾಕೆ ತಂದಿಡುತ್ತಾರೋ, ಪಂಚಾಂಗ ಬರೆಯುವವರೇ ಹೇಳಬೇಕು. ಹೊರಗೆ 42 ಡಿಗ್ರಿ ಬಿಸಿಲು, ಒಳಗೆ ಸೂಟು ತೊಟ್ಟ ಮದುಮಗ. ಆದರೂ ಅವನ ಸಂಕಟ ಅಕ್ಕಿಕಾಳು ಬೀಳುವವರೆಗೆ ಮಾತ್ರ. ಅದನ್ನೆಲ್ಲ ಫೋರ್-ಕೆ ವಿಡಿಯೊದಲ್ಲಿ ಹಿಡಿದು ತಂದು, ಕತ್ತರಿಸಿ, ಹಾಡು ಕೂಡಿಸಿ, ಪೆನ್‌ಡ್ರೈವಿಗೆ ತುಂಬಿ ಕೊಡಬೇಕಾದ ನನ್ನ ಸ್ಟುಡಿಯೊದ ಕಂಪ್ಯೂಟರಿಗೆ ಮಾತ್ರ ಇಡೀ ಸೀಸನ್ನು ಸಂಕಟ.

ಅದನ್ನು ಕೊಳ್ಳುವಾಗ ಶೋರೂಮಿನ ಹುಡುಗ ನನ್ನ ಹಿತ ಬಯಸಿಯೇ ಹೇಳಿದ್ದ: "ಅಸೆಂಬಲ್ ಮಾಡಸಬ್ಯಾಡ್ರಿ ಸರ. ಕಂಪನಿ ಪೀಸ್ ತಗೋರಿ. ತೆಲಿನೋವು ಇರಂಗಿಲ್ಲ." ಡಬ್ಬಿಯ ಮೇಲೆ ಹನ್ನೆರಡನೇ ಜನರೇಷನ್ನಿನ ಐ7 ಪ್ರೊಸೆಸರ್, ವೇಗ 4.9 ಗಿಗಾಹರ್ಟ್ಸ್ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು. ಮುಂದಿನ ಮುಖಕ್ಕೆ ಕಪ್ಪು ಗಾಜು, ಅದರ ಹಿಂದೆ ಬಣ್ಣ ಬದಲಿಸುವ ದೀಪಗಳು. ಬಂದವರೆಲ್ಲ ದೀಪ ನೋಡಿದರು, ನಾನೂ ನೋಡಿದೆ. ಈ ಪೆಟ್ಟಿಗೆ ಉಸಿರಾಡುವುದು ಎಲ್ಲಿಂದ ಎಂದು ಯಾರೂ ಕೇಳಲಿಲ್ಲ. ಗಾಜಿನ ಅಂಚಿಗೆ ಬೆರಳು ತೂರದಷ್ಟು ಸಂದು ಬಿಟ್ಟಿದ್ದಾರಲ್ಲ, ಅಲ್ಲಿಂದ. ದೀಪಕ್ಕೆ ತಲೆ ಓಡಿಸಿದವರು ಗಾಳಿಗೆ ಓಡಿಸಲಿಲ್ಲ.

ಮೊದಲ ಸೀಸನ್ನಿನಲ್ಲೇ ಗೊತ್ತಾಯಿತು. ಕತ್ತರಿಸಿ ಕೂಡಿಸಿದ್ದನ್ನೆಲ್ಲ ಒಂದೇ ವಿಡಿಯೊ ಮಾಡುವ ರೆಂಡರಿಂಗ್ ಹಚ್ಚಿ ಊಟಕ್ಕೆ ಹೋಗಿ ಬಂದರೆ, ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟಿ ಇನ್ನೂ ಅರಿಶಿನ ಶಾಸ್ತ್ರದಲ್ಲೇ ಕೂತಿರುತ್ತಿತ್ತು. ಮಾಂಗಲ್ಯಧಾರಣೆ ತಲುಪುವಷ್ಟರಲ್ಲಿ ಸಂಜೆ. ತಾಪಮಾನ ತೋರಿಸುವ ಸಾಫ್ಟ್‌ವೇರ್ ಹಾಕಿ ನೋಡಿದರೆ ಪ್ರೊಸೆಸರ್ ಸರಿಯಾಗಿ 100 ಡಿಗ್ರಿಯಲ್ಲಿ ನಿಂತಿದೆ! ಅದರಾಚೆ ಹೋದರೆ ಸುಟ್ಟೇನು ಎಂದು ಹೆದರಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಬಿಸಿಲಿಗೆ ನಮ್ಮೂರ ಜನ ಮಾಡುವುದೂ ಅದನ್ನೇ, ಹಾಗಾಗಿ ಬೈಯಲು ಮನಸ್ಸಾಗಲಿಲ್ಲ.

ಲೆಕ್ಕ ಸರಳವಾಗಿದೆ. ಈ ಐ7-12700 ಎಂಬ ಚಿಪ್ಪಿನ ಕಾಗದದ ಮೇಲೆ 65 ವ್ಯಾಟ್ ಎಂದಿರುತ್ತದೆ. ಅದು ನಿಧಾನವಾಗಿ ನಡೆಯುವಾಗಿನ ಮಾತು. ಟರ್ಬೊ ಎಂಬ ಮೇಲಿನ ವೇಗಕ್ಕೆ ಏರಿ ಓಡತೊಡಗಿದರೆ 180 ವ್ಯಾಟ್‌ವರೆಗೆ ಎಳೆಯುತ್ತದೆ, ಎಳೆದದ್ದಷ್ಟೂ ಕೊನೆಗೆ ಬಿಸಿಯೇ. ಪೆಟ್ಟಿಗೆ ಕಟ್ಟಿದವರು ಡಬ್ಬಿಯ ಮೇಲೆ ಓಡುವ ವೇಗ ಬರೆದು, ಒಳಗೆ ನಡೆಯುವ ವೇಗಕ್ಕೆ ಸಾಲುವಷ್ಟು ಕೂಲರ್ ಇಟ್ಟಿದ್ದರು: ಅಂಗೈಯಲ್ಲಿ ಮುಚ್ಚಿ ಹೋಗುವಂಥ ಅಲ್ಯೂಮಿನಿಯಂ ತುಂಡು, ಮೇಲೊಂದು ಪುಟ್ಟ ಫ್ಯಾನು. ಶಾಖದ ವ್ಯವಹಾರ ರಾಯಚೂರಿನವರಿಗೆ ಹೇಳಿಕೊಡಬೇಕಿಲ್ಲ. ಶಕ್ತಿನಗರದಲ್ಲಿ 1720 ಮೆಗಾವ್ಯಾಟ್‌ನ ಸ್ಥಾವರವನ್ನೇ ನಡೆಸುತ್ತೇವೆ. ಆದರೆ ಅದರ ಮಗ್ಗುಲಿಗೆ ಕೃಷ್ಣಾ ನದಿ ಇದೆ. ನನ್ನ ಪೆಟ್ಟಿಗೆಯ ಮಗ್ಗುಲಿಗೆ ಇದ್ದದ್ದು ಪ್ಲೈವುಡ್ಡು.

ಹೌದು, ಪ್ಲೈವುಡ್ಡು. ಕಂಪ್ಯೂಟರ್ ಟೇಬಲ್ಲು ಮಾಡುವ ಬಡಿಗರಿಗೆ ಯಾರು ಕಲಿಸಿದರೋ, ಸಿಪಿಯು ಇಡಲು ಕೆಳಗೊಂದು ಗೂಡು ಮಾಡಿ ಅದಕ್ಕೆ ಬಾಗಿಲು ಹಾಕಿಯೇ ಕೊಡುತ್ತಾರೆ. ನಮ್ಮದಕ್ಕೆ ಚಿಲಕವೂ ಇತ್ತು. ಮೇಲಿಂದ ನಮ್ಮ ಮನೆಯವರು ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು, ಧೂಳು ಕೂಡಬಾರದೆಂದು. ಬಟ್ಟೆಯ ಮೇಲಿನ ಗೋಪುರ, ರಥ, ತುಳಸಿಕಟ್ಟೆ ಎಲ್ಲವೂ ಬಿಸಿಗಾಳಿ ಹೊರಬರುವ ಜಾಲರಿಯ ಮೇಲೆಯೇ ಸರಿಯಾಗಿ ಕೂತಿದ್ದವು. "ಇದನ್ನು ತೆಗೀಬೇಕಾಗ್ತದ" ಅಂದೆ. "ಹೊದಿಸಿದ್ದಕ್ಕ ಇಷ್ಟು ದಿವಸ ಬಾಳೇದ" ಅಂದರು.

ಗ್ಯಾರಂಟಿ ಇನ್ನೂ ಇದ್ದುದರಿಂದ ಫೋನು ಮಾಡಿದೆ. ಟೈ ಕಟ್ಟಿಕೊಂಡ ಸರ್ವಿಸ್ ಹುಡುಗನೊಬ್ಬ ಬಂದು, ತೆರೆಯ ಮೇಲಿನ 100 ನೋಡಿ, "ಲಿಮಿಟ್ ನೂರು ಸರ್, ನೂರರಲ್ಲೇ ಇದೆ, ನಾರ್ಮಲ್" ಎಂದು ಸಹಿ ಮಾಡಿಸಿಕೊಂಡು ಹೊರಟ. ವಾದದಲ್ಲಿ ಹುಳುಕಿಲ್ಲ. ಜ್ವರ ಇಳಿಸಲು ಬಂದ ವೈದ್ಯ ಥರ್ಮಾಮೀಟರಿನ ಗೀಟು ಇನ್ನೂ ಮುಗಿದಿಲ್ಲ ಎಂದಷ್ಟೇ ನೋಡಿ ಹೋದರೆ ಯಾರಿಗೆ ಏನು ಹೇಳುವುದು?

ಸ್ಟುಡಿಯೊದ ಹುಡುಗನೂ ನಾನೂ ಸೇರಿ ಪಕ್ಕದ ತಗಡು ಬಿಚ್ಚಿದೆವು. ಒಳಗಿನದು ನೋಡುವ ದೃಶ್ಯ. ಸುತ್ತಮುತ್ತ ಹತ್ತಿ ಮಿಲ್ಲುಗಳಿರುವ ಊರು. ಕೂಲರಿನ ರೆಕ್ಕೆಗಳ ನಡುವೆ ಹತ್ತಿಯ ನವಿರು ಎಳೆಗಳು ಹೆಣೆದುಕೊಂಡು ಕಂಬಳಿಯೇ ಆಗಿತ್ತು. ಅದಕ್ಕೆ ಊದುಬತ್ತಿಯ ಮಸಿಯ ಬಣ್ಣ. ಆ ಮಸಿಯ ನಡುವೆ ಅಲ್ಲಲ್ಲಿ ಕೆಂಪು, ಹಳದಿ. ಮೊದಲು ಏನೋ ಸುಟ್ಟಿದೆ ಎಂದುಕೊಂಡೆವು. ಬೆರಳಿಗೆ ಹತ್ತಿಸಿಕೊಂಡು ನೋಡಿದ ಹುಡುಗ "ಕುಂಕುಮ ರೀ" ಅಂದ. ಆಯುಧಪೂಜೆಗೆ ಕ್ಯಾಮೆರಾ, ಟ್ರೈಪಾಡು, ಸ್ಕೂಟರಿನ ಜತೆ ಕಂಪ್ಯೂಟರಿಗೂ ಅರಿಶಿನ-ಕುಂಕುಮ ಏರಿಸಿ ಚೆಂಡುಹೂ ಸಿಕ್ಕಿಸುವ ಪದ್ಧತಿ ನಮ್ಮದು. ಪೂಜೆ ಮುಗಿದ ಮೇಲೆ ಸ್ವಿಚ್ಚು ಹಾಕಿದ್ದೇವೆ, ಫ್ಯಾನು ಪ್ರಸಾದವನ್ನೆಲ್ಲ ಒಳಗೆ ಎಳೆದುಕೊಂಡಿದೆ. ಫ್ಯಾನಿನ ರೆಕ್ಕೆಯೊಂದಕ್ಕೆ ಒಣಗಿದ ಹೂವಿನ ಎಸಳೂ ಅಂಟಿತ್ತು. ಬ್ರಷ್ಷು, ಬ್ಲೋವರು ಹಿಡಿದು ತೆಗೆದೆವು. ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಗಾಳಿಯ ಹೊಡೆತಕ್ಕೆ ಬುಗುರಿಯಾಗಿ ತಿರುಗಲು ಬಿಟ್ಟರೆ ಬೇರಿಂಗು ಹೋದೀತು. ಇದರಿಂದ ಒಂದಿಷ್ಟು ಡಿಗ್ರಿ ಇಳಿಯಿತು, ಮೇ ತಿಂಗಳು ಬಂದು ಅದನ್ನು ವಾಪಸು ಕೊಟ್ಟಿತು.

ಕೂಲರ್ ಬದಲಿಸುವುದೇ ಸರಿ ಎಂದಾಯಿತು. ಭಾವನ ಹಳೇ ಕಂಪ್ಯೂಟರಿನಲ್ಲಿ ಒಳ್ಳೇ ತಾಮ್ರದ ಕೂಲರೊಂದಿತ್ತು, ಪುಕ್ಕಟೆ. ಚಿಪ್ಪು ಕೂತಿರುವ ಮದರ್‌ಬೋರ್ಡಿನ ಮೇಲಿಟ್ಟು ನೋಡಿದರೆ ನಾಲ್ಕೂ ಮೂಲೆಯ ಮೊಳೆಗಳು ತೂತಿನ ಅಂಚಿಗೆ ಬಂದು ನಿಂತುಬಿಟ್ಟವು. ಇದರ ಹಿಂದಿನ ಚಿಪ್ಪುಗಳು ಕೂರುವ ಸಾಕೆಟ್ಟುಗಳಲ್ಲಿ ತೂತಿನಿಂದ ತೂತಿಗೆ 75 ಮಿಲಿಮೀಟರ್. 2021ರಲ್ಲಿ ಹನ್ನೆರಡನೇ ಜನರೇಷನ್ ಬಂದಾಗ ಅದನ್ನು 78 ಮಾಡಿದ್ದಾರೆ. ಮೂರೇ ಮಿಲಿಮೀಟರು. ಹುಡುಗ "ಸ್ವಲ್ಪ ಒತ್ತಲೇನ್ರಿ?" ಅಂದ. ಸ್ಕ್ರೂಡ್ರೈವರನ್ನು ಅವನ ಕೈಯಿಂದ ಕಸಿದುಕೊಂಡೆ.

ನಮ್ಮೂರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಸಿಕಂದರಾಬಾದಿನ ಸಿಟಿಸಿ ಎಂಬ ಕಂಪ್ಯೂಟರ್ ಪೇಟೆಗೆ ಹೋದರೆ ಕಂಪ್ಯೂಟರಿನ ಎಂಥ ತಿರುಪು ಬೇಕಾದರೂ ಸಿಗುತ್ತದೆ. ಅಂಗಡಿಯವ ನನ್ನ ಮೊಬೈಲಿನ ಫೋಟೊ ಅರ್ಧಂಬರ್ಧ ನೋಡಿ, ಗೋಪುರದ ಹಾಗೆ ಎದ್ದು ನಿಲ್ಲುವ ಟವರ್ ಕೂಲರೊಂದನ್ನು ಕೌಂಟರಿನ ಮೇಲಿಟ್ಟ. "ಬೈಠ್ ಜಾತಾ ಸಾಬ್, ಬೇಫಿಕರ್ ಲೇಕೋ ಜಾವ್." ಕೂತುಬಿಡುತ್ತದೆ, ನಿಶ್ಚಿಂತೆಯಿಂದ ಒಯ್ಯಿರಿ ಎಂದರ್ಥ. ಬೆಂಗಳೂರಿನ ಎ.ಸಿ. ರೂಮಿನಲ್ಲಿ ಕೂತ ಯೂಟ್ಯೂಬಿನ ಹುಡುಗನೊಬ್ಬ ಅಂಥದ್ದೇ ಟವರಿನಲ್ಲಿ 72 ಡಿಗ್ರಿ ತೋರಿಸಿದ್ದ. ಅವನ ಕೋಣೆಯಲ್ಲಿ 25, ನಮ್ಮಲ್ಲಿ 42; ಗಾಳಿಯಿಂದ ತಂಪಾಗುವ ಯಾವ ಕೂಲರೂ ಕೋಣೆಯ ಬಿಸಿಗಿಂತ ಕೆಳಗೆ ಇಳಿಸಲಾರದು, ಆದ್ದರಿಂದ ಆ 17 ಡಿಗ್ರಿಯನ್ನು ನಾವು ಕೂಡಿಸಿಕೊಳ್ಳಬೇಕು. ಆದರೂ 89 ಎಂದರೆ ನನ್ನ ಪಾಲಿಗೆ ಊಟಿ.

ಕೂತದ್ದೇನೋ ಕೂತಿತು. ಬೋರ್ಡಿನ ಹಿಂದೆ ಹಾಕುವ ಪಟ್ಟಿಗಾಗಿ ಇಡೀ ಬೋರ್ಡನ್ನೇ ಹೊರಗೆಳೆದು, ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಹಳೇ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದು ಹಚ್ಚಿ, ಮತ್ತೆ ಜೋಡಿಸುವಷ್ಟರಲ್ಲಿ ಒಂದು ನಿಶ್ಚಿತಾರ್ಥದ ಗಿರಾಕಿ ಬೇರೆ ಸ್ಟುಡಿಯೊಗೆ ಹೋಗಿದ್ದ. ಕೊನೆಗೆ ತಗಡು ಮುಚ್ಚಲು ಹೋದರೆ ಮುಚ್ಚುವುದಿಲ್ಲ. ಟವರಿನ ಎತ್ತರ 150 ಮಿಲಿಮೀಟರಿಗೂ ಮೇಲೆ, ಪೆಟ್ಟಿಗೆಗೆ ಅಷ್ಟು ಹೊಟ್ಟೆಯೇ ಇಲ್ಲ. ತಾಮ್ರದ ಕೊಳವೆಗಳ ತುದಿ ಹೊರಗೆ ಇಣುಕುತ್ತಿವೆ. ಹೋಗಲಿ, ತೆರೆದಿದ್ದರೆ ಗಾಳಿಯಾದರೂ ಆಡುತ್ತದೆ ಎಂದು ತಗಡನ್ನು ಗೋಡೆಗೆ ಒರಗಿಸಿದೆ. ಅದಕ್ಕೆ ಬಿಳಿ ಥರ್ಮೊಕೋಲ್ ಅಂಟಿಸಿದ ಹುಡುಗ ಈಗ ಪಾಸ್‌ಪೋರ್ಟ್ ಫೋಟೊಗೆ ರಿಫ್ಲೆಕ್ಟರಾಗಿ ಬಳಸುತ್ತಾನೆ. ಇಡೀ ಕಂಪ್ಯೂಟರಿನಲ್ಲಿ ದುಡಿದು ತಿನ್ನುವ ಭಾಗ ಅದೊಂದೇ.

ಫ್ಯಾನಿನ ವಯರು ಇನ್ನೊಂದು ಕತೆ. ಕಂಪನಿ ಪೀಸಿನ ಬೋರ್ಡಿನಲ್ಲಿ ಫ್ಯಾನಿಗಿಟ್ಟ ಜಾಗವೂ ಅವರದೇ ನಮೂನೆಯದು, ಪೇಟೆಯ ಫ್ಯಾನಿನ ಪಿನ್ನು ಅದಕ್ಕೆ ಹೊಂದುವುದಿಲ್ಲ. ಕರೆಂಟನ್ನು ಹಾರ್ಡ್‌ಡಿಸ್ಕಿನ ವಯರಿನಿಂದ ಕವಲು ತೆಗೆದು ಕೊಟ್ಟೆವು. ಫ್ಯಾನು ಪೂರ್ತಿ ವೇಗದಲ್ಲಿ ತಿರುಗಿತು, ರೆಂಡರಿಂಗಿನಲ್ಲಿ 90ರ ಆಸುಪಾಸಿಗೆ ಬಂತು, ಮಾಂಗಲ್ಯಧಾರಣೆ ಮಧ್ಯಾಹ್ನದೊಳಗೇ ಮುಗಿಯತೊಡಗಿತು. ಆದರೆ ತನ್ನ ಪಿನ್ನಿಗೆ ಏನೂ ಸಿಕ್ಕಿಲ್ಲ ಎಂದು ಬೋರ್ಡಿಗೆ ಸಿಟ್ಟು. ಪ್ರತಿ ಸಲ ಚಾಲೂ ಮಾಡಿದಾಗಲೂ ಕಪ್ಪು ತೆರೆಯ ಮೇಲೆ "ಸಿಪಿಯು ಫ್ಯಾನ್ ಎರರ್, ಎಫ್1 ಒತ್ತಿ" ಎಂದು ಬರೆದು ನಿಂತುಬಿಡುತ್ತದೆ. ಎಫ್1 ಒತ್ತಿದರೆ ಮುಂದೆ ಹೋಗುತ್ತದೆ. ಬೇಸಿಗೆಯಲ್ಲಿ ನಮ್ಮೂರ ಕರೆಂಟು ಎಷ್ಟು ಸಲ ಹೋಗುತ್ತದೋ ಅಷ್ಟು ಎಫ್1.

ಅಕ್ಕನ ಮಗ ರಜೆಗೆ ಬಂದವನು ಈ ಬಿಸಿಗೊಂದು ದುಡ್ಡಿಲ್ಲದ ಮದ್ದು ತೋರಿಸಿಕೊಟ್ಟ. ವಿಂಡೋಸಿನ ಪವರ್ ಸೆಟ್ಟಿಂಗ್ಸಿನಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟ 100 ಇದ್ದದ್ದನ್ನು 99 ಮಾಡಿದರೆ ಟರ್ಬೊ ಪೂರ್ತಿ ಬಂದ್, ಯಂತ್ರ ತಣ್ಣಗೆ. ಮಾಡಿಯೂ ನೋಡಿದೆ. ನಿಜವಾಗಿಯೂ ತಣ್ಣಗಾಯಿತು, ವೇಗ 2.1 ಗಿಗಾಹರ್ಟ್ಸಿಗೆ ಬಂದು ಕೂತಿತು. 4.9ಕ್ಕೆ ದುಡ್ಡು ಕೊಟ್ಟವನಿಗೆ ಇದನ್ನು ನೋಡುತ್ತ ಕೂರಲಾಗಲಿಲ್ಲ, ಮತ್ತೆ 100 ಮಾಡಿದೆ.

ಮೊನ್ನೆ ದೇವದುರ್ಗದ ಕಡೆಯ ಬೀಗರೊಬ್ಬರು ಮಗಳ ಲಗ್ನದ ವಿಡಿಯೊ ಒಯ್ಯಲು ಬಂದಿದ್ದರು. ಪೆನ್‌ಡ್ರೈವು ಕೈಗೆ ಕೊಟ್ಟರೆ ನಂಬುವ ಪೈಕಿ ಅಲ್ಲ, ಇಲ್ಲೇ ತೋರಿಸಿ ಅಂದರು. ತೋರಿಸಹೊರಟರೆ ಕರೆಂಟು ಹೋಗಿ ಬಂತು. ಕಪ್ಪು ತೆರೆಯ ಮೇಲಿನ ಅಕ್ಷರವನ್ನು ಕನ್ನಡಕ ಏರಿಸಿ ಕೂಡಿಸಿ ಕೂಡಿಸಿ ಓದಿದರು. ಕೆಳಗೆ ಹೊಟ್ಟೆ ಬಿಚ್ಚಿಕೊಂಡು ಗರಗರ ಸುತ್ತುತ್ತಿದ್ದ ಟವರನ್ನು ಅವರು ಗಮನಿಸಲಿಲ್ಲ. ನಾನು ಎಫ್1 ಒತ್ತುವ ಮೊದಲೇ ಬಾಕಿ ಹಣ ಎಣಿಸುವುದನ್ನು ನಿಲ್ಲಿಸಿ ಹೇಳಿದರು: "ಫ್ಯಾನ್ ಇಲ್ಲಂತ ಅದೇ ಬಾಯಿಬಿಟ್ಟು ಹೇಳಾಕತ್ತದ. ಇಷ್ಟು ದುಡ್ಡು ತಗೋತೀರಿ, ಪಾಪ, ಒಂದು ಫ್ಯಾನ್ ಹಾಕಸಾಕ ಏನಾಗ್ಯದ ನಿಮಗ?"