ಎರಡು ಬಾಟಲಿ ಹೊಂದಿಸಿ

ಮಗಳ ಬೆನ್ನುಮೂಳೆಯ ಡೊಂಕು ತಿದ್ದುವ ಶಸ್ತ್ರಚಿಕಿತ್ಸೆಗೆ ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ, ರಾಯಚೂರಿನವನ ಬುದ್ಧಿ ಎಲ್ಲಿ ಬಿಡುತ್ತದೆ, ಕೇಳಿಯೇಬಿಟ್ಟೆ: "ನನ್ನದು ಓ ಪಾಸಿಟಿವ್. ರಕ್ತ ಕೊಡಲು ಯಾವಾಗ ಬರಲಿ?" ಅರಿವಳಿಕೆ ವೈದ್ಯೆಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. ನೀವೇಕೆ ಕೊಡಬೇಕು ಎಂದರು. ದಾನಿಗಳ ರಕ್ತ ಸಿದ್ಧವಿರುತ್ತದೆ, ಆದರೆ ಮೊದಲು ಅವಳ ರಕ್ತವನ್ನೇ ಅವಳಿಗೆ ಮರಳಿಸುತ್ತೇವೆ ಎಂದರು.

ಮರಳಿಸುವುದು ಹೀಗೆ. ಗಾಯದಲ್ಲಿ ಹರಿಯುವ ರಕ್ತವನ್ನು ನಳಿಕೆಯೊಂದು ಹೀರಿಕೊಳ್ಳುತ್ತದೆ; ಹೆಪ್ಪುಗಟ್ಟದಿರಲೆಂದು ಅಲ್ಲಿಯೇ ಹೆಪಾರಿನ್ ಬೆರೆಸಿದ ಸಲೈನ್ ಬಂದು ಸೇರುತ್ತದೆ. ಯಂತ್ರದ ಡಬ್ಬಿಯೊಳಗೆ ಸೋಸಿದ ಮೇಲೆ ಅದು ಗಿರಗಿರನೆ ತಿರುಗುವ ಬಟ್ಟಲಿಗೆ ಇಳಿಯುತ್ತದೆ. ಮೊರದಲ್ಲಿ ಕೇರಿದಾಗ ಜಳ್ಳು ಹಾರಿ ಕಾಳು ಉಳಿಯುವ ಹಾಗೆ, ಭಾರದ ಕೆಂಪು ಕಣಗಳು ಉಳಿದು ಮಿಕ್ಕದ್ದು ಹೊರಗೆ ಹೋಗುತ್ತದೆ. ಉಳಿದದ್ದನ್ನು ಸಲೈನ್‌ನಲ್ಲಿ ತೊಳೆದು ಚೀಲಕ್ಕೆ ತುಂಬುತ್ತಾರೆ. ಮಗಳ ಮಂಚದ ಪಕ್ಕ ಆ ಚೀಲ ತೂಗುತ್ತಿತ್ತು. ಕಡುಗೆಂಪು, ಅರ್ಧದಷ್ಟು. ಮೇಲೆ ಅವಳ ಹೆಸರು, ಹುಟ್ಟಿದ ದಿನ, ಎಷ್ಟು ಗಂಟೆಯೊಳಗೆ ಮುಗಿಸಬೇಕೆಂಬ ಬರಹ. ನಾನು ಅದನ್ನು ನಾಚಿಕೆಯಿಲ್ಲದೆ ಫೋಟೋ ತೆಗೆದೆ.

ಈಗ ನಮ್ಮ ಕಡೆಯ ಸಂಗತಿ. ಒಂದು ಮೇ ತಿಂಗಳಲ್ಲಿ ದೊಡ್ಡಮ್ಮನ ಗರ್ಭಕೋಶದ ಆಪರೇಷನ್. ಬಿಸಿಲಿಗೆ ಊರು ಕಾದ ಹಂಚಾಗಿತ್ತು, ಕಾಲೇಜುಗಳಿಗೆ ರಜೆ, ರಕ್ತ ಕೊಡುವ ಹುಡುಗರೆಲ್ಲ ತಮ್ಮ ತಮ್ಮ ಊರು ಸೇರಿದ್ದರು. ಆಸ್ಪತ್ರೆಯವರು ಚೀಟಿ ಬರೆದು ಕೈಗಿಟ್ಟರು: ಎರಡು ಬಾಟಲಿ ಹೊಂದಿಸಿ. ಗುಂಪು ಯಾವುದಾದರೂ ಸರಿ, ಎರಡು ಕೊಟ್ಟು ಎರಡು ಒಯ್ಯಿರಿ ಎಂದು ಬ್ಲಡ್ ಬ್ಯಾಂಕಿನವರ ಲೆಕ್ಕ. ಅಂದೇ ಒಬ್ಬ ಮಾವನಿಗೆ ತಮ್ಮ ಬಿಪಿ ನೆನಪಾಯಿತು. ಇನ್ನೊಬ್ಬರಿಗೆ ಜಾತ್ರೆಗೆ ಹೋಗಲೇಬೇಕಿತ್ತು. ಮೈಯಲ್ಲಿ ಶಕ್ತಿ ಉಡುಗುತ್ತದೆ, ಹೊಲದ ಕೆಲಸ ಯಾರು ನೋಡುತ್ತಾರೆ ಎಂಬ ಮಾತು ಮೂರನೆಯವರದು. ಒಂದು ಬಾಟಲಿ ನನ್ನದಾಯಿತು. ಇನ್ನೊಂದನ್ನು ಕೊಟ್ಟವನು ನಮ್ಮನ್ನು ಸಿಂಧನೂರಿನಿಂದ ಕರೆತಂದ ಟೆಂಪೊ ಚಾಲಕ. ದೊಡ್ಡಮ್ಮ ಎಚ್ಚರವಾದ ಕೂಡಲೇ ಕೇಳಿದ್ದು, "ಯಾರದು ಹಾಕಿದರು?" ಯಾಕೆ ಕೇಳಿದರು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. "ಬ್ಯಾಂಕಿನದು" ಎಂದು ಕಾಕಾ ಜಾರಿಕೊಂಡರು. ಸುಳ್ಳೇನಲ್ಲ, ಚಾಲಕನದು ಫ್ರಿಜ್ ಸೇರಿ, ಅಲ್ಲಿದ್ದ ಇನ್ಯಾರದೋ ರಕ್ತ ದೊಡ್ಡಮ್ಮನಿಗೆ ಬಂದಿತ್ತು.

ಅಷ್ಟು ಹೊತ್ತೂ ಒಳಗೆ ಸಕ್ಷನ್ ಬಾಟಲಿಯಲ್ಲಿ ದೊಡ್ಡಮ್ಮನದೇ ರಕ್ತ ತುಂಬಿ ಹೊರಗೆ ಹೋಗುತ್ತಿತ್ತು. ನಾವು ವರಾಂಡದಲ್ಲಿ ನಿಂತು ಊರೂರಿಗೆ ಫೋನ್ ಹಚ್ಚುತ್ತಿದ್ದೆವು.

ಹಣಕ್ಕೆ ರಕ್ತ ಮಾರುವುದನ್ನು ನಿಲ್ಲಿಸಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬದಲಿ ದಾನಿಗಳ ಪದ್ಧತಿಯೂ ಕ್ರಮೇಣ ಹೋಗಬೇಕೆಂದು 2002ರ ರಾಷ್ಟ್ರೀಯ ರಕ್ತ ನೀತಿ ಹೇಳಿತು. ಚೀಟಿ ಮಾತ್ರ ಹೋಗಲಿಲ್ಲ. ರಕ್ತ ಹೊಂದಿಸುವುದು ಆಸ್ಪತ್ರೆಯ ಪಾಡೇ ಹೊರತು ರೋಗಿಯ ಅಣ್ಣ ತಮ್ಮಂದಿರದಲ್ಲ ಎಂಬಷ್ಟನ್ನು ನಾವು ಇನ್ನೂ ಒಪ್ಪಿಲ್ಲ. ಬಂಧುಬಳಗ ಇದ್ದವರು ಹೇಗೋ ಪಾರಾಗುತ್ತಾರೆ. ಲಿಂಗಸುಗೂರಿನ ತಾಂಡಾದಿಂದ ಒಬ್ಬಳೇ ಮಗಳನ್ನು ಕರೆದುಕೊಂಡು ಬಂದ ಮುದುಕಿ ಯಾರಿಗೆ ಫೋನ್ ಹಚ್ಚಬೇಕು?

ಇಲ್ಲಿ ಇಂಗ್ಲೆಂಡಿನವರು ಪುಣ್ಯವಂತರೆಂದು ಹೀಗೆ ಮಾಡುತ್ತಾರೆಂದಲ್ಲ. ಹುಚ್ಚು ಹಸುವಿನ ರೋಗ ರಕ್ತದಿಂದಲೂ ಹರಡಬಹುದೆಂಬ ಭಯ ಹೊಕ್ಕ ಮೇಲೆ, 1980ರಿಂದ ಈಚೆಗೆ ಬೇರೆಯವರ ರಕ್ತ ಪಡೆದವರು ಇಲ್ಲಿ ರಕ್ತದಾನ ಮಾಡುವಂತಿಲ್ಲ. ಬೇರೆಯವರ ರಕ್ತ ಎಷ್ಟು ಕಡಿಮೆ ಬಳಸಿದರೆ ಅಷ್ಟು ಒಳ್ಳೆಯದೆಂಬ ಎಚ್ಚರ ಬೆಳೆದದ್ದರಲ್ಲಿ ಆ ಹೆದರಿಕೆಯ ಪಾಲೂ ಇದೆ.

ಕೊಪ್ಪಳದಲ್ಲಿ ವೈದ್ಯನಾಗಿರುವ ಅಕ್ಕನ ಮಗನಿಗೆ ಆ ಚೀಲದ ಫೋಟೋ ಕಳಿಸಿ ಚುಚ್ಚಿದೆ. ಅವನು ಸಿಟ್ಟಾಗಲಿಲ್ಲ, ನನಗೆ ಅದೇ ಬೇಸರ. "ಮಾವ, ಪ್ರತಿ ರೋಗಿಗೂ ಹೊಸ ಬಟ್ಟಲು, ಹೊಸ ನಳಿಕೆ ಬೇಕು. ನಡುರಾತ್ರಿ ನಡೆಸಲು ಕಲಿತವರು ಬೇಕು. ಕರುಳು ಹರಿದು ಹೊಲಸು ಸೇರಿದ್ದರೆ ಆ ರಕ್ತ ಬೇಡ, ಕ್ಯಾನ್ಸರ್ ಇದ್ದರೆ ಹತ್ತು ಸಲ ಯೋಚಿಸಬೇಕು. ತೊಳೆದಾಗ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್, ಪ್ಲಾಸ್ಮಾ ಹೋಗಿರುತ್ತವೆ, ವಿಪರೀತ ಸುರಿದರೆ ಬ್ಯಾಂಕಿಗೇ ಓಡಬೇಕು. ಅದಿರಲಿ, ನಮ್ಮಲ್ಲಿ ಹೆಚ್ಚು ರಕ್ತ ಯಾರಿಗೆ ಹೋಗುತ್ತದೆ ಗೊತ್ತೇನು? ಆರೇ ಗ್ರಾಂ ಹಿಮೋಗ್ಲೋಬಿನ್ ಹೊತ್ತು, ರಕ್ತಹೀನತೆಯಲ್ಲಿ ಹೆರಿಗೆಗೆ ಬರುವವರಿಗೆ. ಅವರದನ್ನೇ ಅವರಿಗೆ ಮರಳಿಸಿದರೆ ಏನು ಬಂತು?"

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಚೀಟಿ ಕೈಯಲ್ಲಿ ಹಿಡಿದು ನಿಂತಾಗ ಟೆಂಪೊ ಚಾಲಕನಂಥವನು ಸಿಗುವುದೂ ನಮ್ಮ ಕಡೆಯೇ ಎಂಬುದನ್ನೂ, ಮನಸ್ಸಿಲ್ಲದಿದ್ದರೂ, ಬರೆದಿಡುತ್ತೇನೆ. ಬಾಡಿಗೆ ಕೇಳಿದನೇ ಹೊರತು ರಕ್ತದ ಮಾತು ಎತ್ತಲಿಲ್ಲ.

ಆದರೆ ಬಸಿರು ಗರ್ಭನಾಳದಲ್ಲೇ ನಿಂತು, ಅದು ಒಡೆದು ಹೊಟ್ಟೆಯೊಳಗೇ ರಕ್ತ ತುಂಬಿದ ಹೆಂಗಸಿಗೆ ಆ ರಕ್ತವನ್ನೇ ಸೋಸಿ ಮರಳಿ ಕೊಡಬಹುದೆಂದು ಜರ್ಮನಿಯ ಯೋಹಾನೆಸ್ ಥೀಸ್ 1914ರಲ್ಲೇ ತೋರಿಸಿದ್ದರು. ಆಗ ತಿರುಗುವ ಬಟ್ಟಲು ಎಲ್ಲಿತ್ತು? ನಾಲ್ಕು ಪದರ ಗಾಜ್ ಬಟ್ಟೆಯಲ್ಲಿ ಸೋಸುವ ಕ್ರಮ ಬಡ ದೇಶಗಳ ಆಸ್ಪತ್ರೆಗಳಲ್ಲಿ ಬಹಳ ಕಾಲ ನಡೆದುಬಂದಿದೆ. ತನಗೆ ಕಲಿಸಿದ ಮೇಡಂ ಹಾಗೆ ಮಾಡುತ್ತಿದ್ದರೆಂದು ಇದೇ ಅಳಿಯ ಒಪ್ಪಿಕೊಂಡ. ನೀನೇಕೆ ಮಾಡುವುದಿಲ್ಲ ಎಂದರೆ, ಹೆಚ್ಚುಕಡಿಮೆಯಾದರೆ ಯಾರು ಹೊಣೆ ಎಂದ.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಒಂದೊಂದು ಯಂತ್ರ ಇಡಲಿ. ಈಗಾಗಲೇ ಇದ್ದರೆ ಮುಸುಕು ತೆಗೆದು ಬಳಸಲಿ. ಅದಾಗದಿದ್ದರೆ ಚೀಟಿ ಬರೆಯುವುದನ್ನಾದರೂ ನಿಲ್ಲಿಸಲಿ.