ಮಿಸ್ಡ್ ಕಾಲ್ ಕೊಟ್ಟ ವರದಿಗಾರರು

ಜನರೇ ಸುದ್ದಿ ಮಾಡುವ ಕಾಲ ಬಂದಿದೆ ಎಂದಾಗಲೆಲ್ಲ ಹೆಚ್ಚಿನವರು ಬ್ಲಾಗು, ಯೂಟ್ಯೂಬುಗಳನ್ನು ನೆನೆಯುತ್ತಾರೆ. ನನಗೆ ನೆನಪಾಗುವುದು 2010ರಲ್ಲಿ ಛತ್ತೀಸ್‌ಗಢದಲ್ಲಿ ಆರಂಭವಾದ ‘ಸಿಜಿನೆಟ್ ಸ್ವರ’ ಎಂಬ ಫೋನ್ ಸುದ್ದಿಸೇವೆ. ಬಿಬಿಸಿಯಲ್ಲಿ ದುಡಿದಿದ್ದ ಪತ್ರಕರ್ತ ಶುಭ್ರಾಂಶು ಚೌಧರಿ ಅದನ್ನು ಕಟ್ಟಿದಾಗ ಅಲ್ಲಿನ ಆದಿವಾಸಿ ಹಳ್ಳಿಗಳಲ್ಲಿ ಇಂಟರ್ನೆಟ್ ಅಪರೂಪವಾಗಿತ್ತು. ಸಮುದಾಯ ಬಾನುಲಿಯಲ್ಲಿ ಸುದ್ದಿ ಬಿತ್ತರಿಸೋಣವೆಂದರೆ ಸರ್ಕಾರದ ನಿಯಮವೇ ಅಡ್ಡ ಬರುತ್ತಿತ್ತು. ಉಳಿದಿದ್ದು ಸಾದಾ ಮೊಬೈಲು. ಬೆಂಗಳೂರಿನ ಒಂದು ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟರೆ ಅತ್ತಲಿಂದ ಕರೆ ಬರುತ್ತಿತ್ತು. ಒಂದನ್ನು ಒತ್ತಿದರೆ ತಮ್ಮ ಸುದ್ದಿ ಹೇಳಬಹುದಿತ್ತು, ಎರಡನ್ನು ಒತ್ತಿದರೆ ಇತರರದನ್ನು ಕೇಳಬಹುದಿತ್ತು. ಇದರ ತಂತ್ರಜ್ಞಾನದಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸಂಶೋಧಕರ ಕೈಯಿತ್ತು. ಹಿಂದಿಯ ಜೊತೆಗೆ ಗೊಂಡಿಯಲ್ಲೂ ಮಾತಾಡಬಹುದಿತ್ತು. (ಗೊಂಡಿ ಕನ್ನಡದಂತೆಯೇ ದ್ರಾವಿಡ ನುಡಿ, 2011ರ ಜನಗಣತಿಯ ಪ್ರಕಾರ ಅದನ್ನಾಡುವವರು ಸುಮಾರು 30 ಲಕ್ಷ. ಒಡಹುಟ್ಟಿದ ಈ ಭಾಷೆಯ ಬಗ್ಗೆ ನಮಗೆಷ್ಟು ಗೊತ್ತು ಎಂಬುದು ಬೇರೆ ಮಾತು.)

ಬಾರದ ನರೇಗಾ ಕೂಲಿ, ಕೆಟ್ಟುನಿಂತ ಕೈಪಂಪು, ನಿಂತುಹೋದ ಪಿಂಚಣಿ, ಇವೇ ಅಲ್ಲಿನ ಸುದ್ದಿ. ನನಗೆ ಮುಖ್ಯವೆನಿಸುವುದು ಆ ಧ್ವನಿಗಳು ಕಿವಿಗೆ ಬೀಳುವ ಮೊದಲು ನಡೆಯುತ್ತಿದ್ದ ಕೆಲಸ. ಬಂದ ಪ್ರತಿಯೊಂದು ದನಿಮುದ್ರಣವನ್ನೂ ಯಾರೋ ಒಬ್ಬರು ಕೂತು ಕೇಳಿ, ಪರಿಶೀಲಿಸಿ, ಆಮೇಲೆ ಹೊರಬಿಡುತ್ತಿದ್ದರು. ವರದಿಯ ಕೊನೆಯಲ್ಲಿ ಸಂಬಂಧಪಟ್ಟ ಅಧಿಕಾರಿಯ ಫೋನ್ ಸಂಖ್ಯೆಯಿರುತ್ತಿತ್ತು. ಕೇಳಿದವರು ಎಲ್ಲಿಂದಲೋ ಅವರಿಗೆ ಕರೆ ಮಾಡಿ ಒತ್ತಾಯಿಸುತ್ತಿದ್ದರು. ಕೆಲಸವಾದರೆ ದೂರು ಹೇಳಿದವರೇ ಮತ್ತೆ ಕರೆ ಮಾಡಿ, ಕೂಲಿ ಕೈಸೇರಿತೆಂದು ತಿಳಿಸಿ ವಂದನೆ ಹೇಳುತ್ತಿದ್ದರು.

2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಗುಂಪೊಂದು ರಾಜಸ್ಥಾನದಿಂದ ಬಂದಿದ್ದ ವ್ಯಕ್ತಿಯನ್ನು ಹೊಡೆದು ಕೊಂದಿತು. ಅಲ್ಲೂ ಸುದ್ದಿ ಹರಡಿದ್ದು ಜನರ ಕೈಯಲ್ಲಿದ್ದ ಫೋನಿನಿಂದಲೇ. ಆದರೆ ದಾರಿಯಲ್ಲಿ ಎಲ್ಲೂ ಅದನ್ನು ತಡೆದು, ನೋಡಿದವರು ಯಾರು ಎಂದು ವಿಚಾರಿಸುವವರಿರಲಿಲ್ಲ. ಆದ್ದರಿಂದಲೇ, ಎಲ್ಲರೂ ಬರೆಯಬಲ್ಲ ಕಾಲದಲ್ಲಿ ಸಂಪಾದಕನ ಅಗತ್ಯ ಮುಗಿಯಿತು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಸುದ್ದಿ ತರುವವರು ಹೆಚ್ಚಿದಷ್ಟೂ ಅದನ್ನು ಸೋಸುವ ಕೆಲಸವೂ ಹೆಚ್ಚುತ್ತದೆ, ಮತ್ತು ಈಗ ಯಾರಿಗೂ ಬೇಡವಾಗಿರುವುದು ಆ ಕೆಲಸವೇ.

ದೊಡ್ಡ ಮಾಧ್ಯಮಗಳು ‘ನಿಮ್ಮ ವಿಡಿಯೊ ಕಳುಹಿಸಿ’ ಎಂದು ಕರೆಯುವುದನ್ನೂ ಜನರ ಪಾಲ್ಗೊಳ್ಳುವಿಕೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಒಂದು ಮಳೆಗಾಲದಲ್ಲಿ ನಮ್ಮ ಬೀದಿಯ ಚರಂಡಿ ಉಕ್ಕಿ ಹರಿದ ವಿಡಿಯೊವನ್ನು ಒಂದು ವಾಹಿನಿಗೆ ಕಳುಹಿಸಿದ್ದೆ. ಸಂಜೆಯ ವಾರ್ತೆಯಲ್ಲಿ ಅದು ಬಂತು. ಅದು ಯಾವ ಬೀದಿ, ಯಾವಾಗ ತೆಗೆದದ್ದು ಎಂದು ಅವರು ನನ್ನನ್ನು ಕೇಳಿರಲಿಲ್ಲ. ಚರಂಡಿ ಆಮೇಲೆ ಏನಾಯಿತೆಂದೂ ಕೇಳಲಿಲ್ಲ.