ಸಾವಿನ ಮನೆಗೆ ಯಾವ ಶರ್ಟ್?

"ರೀ, ಆ ಕಂದು ಶರ್ಟೇ ಹಾಕ್ಕೊಂಡು ಹೋಗಿ, ಬಂದ್ಮೇಲೆ ಹೇಗೂ ನೆನೆಸಬೇಕಲ್ಲ" ಅಂದಳು ಹೆಂಡತಿ. ನನಗೂ ಸರಿ ಅನ್ನಿಸಿತು. ಸಾವಿನ ಮನೆಗೆ ಯಾರಾದರೂ ಒಳ್ಳೆ ಬಟ್ಟೆ ಹಾಕಿಕೊಂಡು ಹೋಗುತ್ತಾರಾ?

ಮ್ಯಾಂಚೆಸ್ಟರಿನಲ್ಲಿ ಹೋಗುತ್ತಾರೆ. ಪಕ್ಕದ ಮನೆ ಅಜ್ಜ ತೀರಿಕೊಂಡು ಆಗಲೇ ಮೂರು ವಾರ. ಇಲ್ಲಿ ಅಷ್ಟು ದಿನ ಕಾಯುವುದು ಮಾಮೂಲು. ಸೂಟನ್ನು ಡ್ರೈಕ್ಲೀನಿಂಗಿಗೆ ಕೊಟ್ಟು ತರಲು ಬೇಕಾದಷ್ಟು ಟೈಮು. ಚಿತಾಗಾರದ ಬಾಗಿಲಲ್ಲಿ ಎಲ್ಲರದೂ ಕಪ್ಪು ಸೂಟು, ಕಪ್ಪು ಕೋಟು, ಫಳಫಳ ಶೂ. ನಡುವೆ ನಾನೊಬ್ಬ, ಕಾಲರ್ ಸವೆದ ಶರ್ಟಿನಲ್ಲಿ. ಯಾರೂ ಏನೂ ಅನ್ನಲಿಲ್ಲ. ಅಜ್ಜನ ಮಗ ಮಾತ್ರ ಕಾರಿನಿಂದ ಒಂದು ಕಪ್ಪು ಟೈ ತಂದು ಸುಮ್ನೆ ನನ್ನ ಕೈಗಿಟ್ಟ. ಬೈದಿದ್ದರೆ ವಾಸಿ ಇತ್ತು.

1861ರಲ್ಲಿ ಗಂಡ ಸತ್ತ ಮೇಲೆ, 1901ರಲ್ಲಿ ತಾನು ಕಣ್ಮುಚ್ಚುವ ತನಕ ಕಪ್ಪು ಬಿಡದ ವಿಕ್ಟೋರಿಯಾ ರಾಣಿಯ ದೇಶ ಅಲ್ವಾ ಇದು. ಈಗೀಗ ಕೆಲವರು "ಕಪ್ಪು ಬೇಡ, ಬಣ್ಣದ ಬಟ್ಟೆಯಲ್ಲೇ ಬನ್ನಿ" ಅಂತ ಮೊದಲೇ ತಿಳಿಸುತ್ತಾರೆ. ಅಲ್ಲೂ ನೋಡಿ, ಬಟ್ಟೆಯದೇ ಮಾತು.

ಹಾಸನದಲ್ಲಿ ಅಪ್ಪ ಹೋದ ಬೆಳಿಗ್ಗೆ ಎದುರು ಮನೆ ಆಂಟಿ ಒಗ್ಗರಣೆ ಅರ್ಧಕ್ಕೆ ಬಿಟ್ಟು, ನೈಟಿ ಮೇಲೊಂದು ಟವೆಲ್ ಹಾಕಿಕೊಂಡು ಓಡಿಬಂದರು. ಅಮ್ಮನನ್ನು ಹಿಡಿದುಕೊಂಡ ಆ ಕೈಯಲ್ಲಿ ಇನ್ನೂ ಇಂಗಿನ ವಾಸನೆ. ದಿನಸಿ ಅಂಗಡಿಯವರು ಶಟರ್ ಎಳೆದು, ಹಿಟ್ಟು ಮೆತ್ತಿದ ಪ್ಯಾಂಟಿನಲ್ಲೇ ಬಂದು ಚಟ್ಟಕ್ಕೆ ಹೆಗಲು ಕೊಟ್ಟರು. ಕನ್ನಡಿ ಮುಂದೆ ನಿಂತಿದ್ದರೆ ಇವರು ಬರುವಷ್ಟರಲ್ಲಿ ಅಪ್ಪ ಹೊರಟೇಬಿಡುತ್ತಿದ್ದರು. ಆ ನೈಟಿಗಿಂತ ಮರ್ಯಾದೆಯ ಬಟ್ಟೆ ನಾನಂತೂ ಇಲ್ಲಿ ಕಂಡಿಲ್ಲ.

ಹೇಳಬಾರದು ಅಂದುಕೊಂಡಿದ್ದೆ, ಹೇಳಿಬಿಡುತ್ತೇನೆ. ಅವತ್ತೇ ನೆಂಟರ ಹುಡುಗನೊಬ್ಬ ಎದೆ ಮೇಲೆ ದಪ್ಪಕ್ಷರದಲ್ಲಿ 'ಪಾರ್ಟಿ ಟೈಮ್' ಅಂತಿದ್ದ ಟೀ ಶರ್ಟಿನಲ್ಲಿ ಬಂದು ನನ್ನನ್ನು ತಬ್ಬಿಕೊಂಡ. ಪಾಪ, ಏನೇನೋ ಸಮಾಧಾನ ಹೇಳಿದ. ಒಂದೂ ನೆನಪಿಲ್ಲ. ಆ ಅಕ್ಷರ ಮಾತ್ರ ಇನ್ನೂ ಕಣ್ಣ ಮುಂದಿದೆ. ಮೂರು ವಾರ ಬೇಡ, ಶರ್ಟ್ ಬದಲಿಸೋಕೆ ಮೂರು ನಿಮಿಷ ಸಾಕಿತ್ತು.

ಮ್ಯಾಂಚೆಸ್ಟರಿನಲ್ಲಿ ಅವತ್ತು ಮನೆಗೆ ಬಂದವನೇ ಸೀದಾ ಬಚ್ಚಲಿಗೆ ಹೋದೆ. ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಇವಳು ಶರ್ಟಿನ ಜೊತೆ ಆ ಟೈಯನ್ನೂ ಬಕೆಟ್ಟಿಗೆ ಅದ್ದಿದ್ದಳು. ರೇಷ್ಮೆ ಟೈ. ಒಣಗಿದ ಮೇಲೆ ಸಂಡಿಗೆ ಹಾಗೆ ಸುರುಟಿಕೊಂಡಿತ್ತು. ಅಜ್ಜನ ಮಗನಿಗೆ ಹೊಸದು ತಂದುಕೊಟ್ಟೆ. ಹಾಗೇ ನನಗೂ ಒಂದು ತಂದಿಟ್ಟುಕೊಂಡೆ. ಪಾಲಿಯೆಸ್ಟರ್, ನೆನೆಸಬಹುದು.